ಅಕ್ಕನ ಹೇಳಿಕೆಯಲ್ಲಿ ನನ್ನ ಸಾಲುಗಳು

ಹೇಗ್ ನಗರದ ಪಕ್ಕದ ರೈಸ್‌ವೈಕ್‌ನಲ್ಲಿರುವ ನಮ್ಮ ಕನ್ನಡದವರ ಗುಂಪಿನಲ್ಲಿ ನನಗೊಂದು ಅಡ್ಡಹೆಸರಿದೆ, ಫೈಲ್ ಆಂಟಿ ಅಂತ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಒಂದು ದಿನ ನನ್ನ ಗಂಡನೇ ಬಾಯಿ ಜಾರಿ ಹೇಳಿಬಿಟ್ಟ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ, ಆದರೆ ಒಳಗೊಳಗೆ ನನಗೆ ಹೆಮ್ಮೆಯೇ ಆಗಿತ್ತು. ಯಾರದಾದರೂ ಪರ್ಮಿಟ್ ನವೀಕರಣವಿರಲಿ, ಅತ್ತೆ ಮಾವನ ವೀಸಾ ಇರಲಿ, ಖೆಮೇಂಟೆಯಲ್ಲಿ, ಅಂದರೆ ಇಲ್ಲಿನ ಪುರಸಭೆಯಲ್ಲಿ, ಮಗುವಿನ ನೋಂದಣಿ ಇರಲಿ, ಮೊದಲ ಫೋನು ನನಗೇ ಬರುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಕಾಗದಗಳು, ಅಂಚಿಗೆ ಬಣ್ಣದ ಚೀಟಿ, ಮೂರು ಸೆಟ್ ಜೆರಾಕ್ಸ್, ಇರಲಿ ಅಂತ ಇನ್ನೊಂದು. ಕೇಳಬಹುದಾದ ಪ್ರಶ್ನೆಗಳ ಪಟ್ಟಿ, ಪಕ್ಕದಲ್ಲಿ ಉತ್ತರ. ಕಾಪೆಲ್ಲೆ ಎಂಬ ಊರಿನ ಕಚೇರಿಯಲ್ಲಿ ನಾನು ಮಾಡುವ ಸಾಫ್ಟ್‌ವೇರ್ ಟೆಸ್ಟಿಂಗ್ ಕೂಡ ಇದೇ ಜಾತಿಯ ಕೆಲಸ. ತಪ್ಪು ಎಲ್ಲಿ ಹೊರಬೀಳಬಹುದೋ ಅಲ್ಲಿ ನಾವು ಮೊದಲೇ ಹೋಗಿ ಕಾದು ಕೂತಿರಬೇಕು.

ಇದನ್ನು ಹುಚ್ಚು ಅನ್ನುವವರು ನಮ್ಮ ಹಾಗೆ ಬೆಳೆದವರಲ್ಲ. ನಾವು ಮೈಸೂರಿನಲ್ಲಿ ಓದುವಾಗ ವೈವಾಗೆ ಮುಂಚೆ ಸೀನಿಯರ್‌ಗಳ ಮನೆ ಬಾಗಿಲು ತಟ್ಟಿ, ಯಾವ ಮೇಷ್ಟ್ರು ಏನು ಕೇಳುತ್ತಾರೆ ಎಂದು ಬರೆದುಕೊಂಡು ಬಂದವರು. ಚೆನ್ನೈಗೆ ವೀಸಾ ಸಂದರ್ಶನಕ್ಕೆ ಹೊರಟ ಅಣ್ಣನಿಗೆ ರೈಲಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದವಳು ನಾನು. ನಮ್ಮವರು ಅನ್ನಿಸಿದವರನ್ನು ತಯಾರಿಯಿಲ್ಲದೆ ಅಧಿಕಾರಿಯ ಮುಂದೆ ಕೂರಲು ಬಿಡುವುದು ನಮ್ಮ ಕೈಲಿ ಆಗದ ಮಾತು. ಹಾಗೆ ಬಿಡದೆ ನಾನೊಬ್ಬರಿಗೆ ಮಾಡಿದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ನಮ್ಮ ಮೇಲಿನ ಮಹಡಿಯಲ್ಲಿರುವ ಉಕ್ರೇನಿನ ಹೆಂಗಸು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಲೈಬ್ರರಿಯಲ್ಲಿ ವಾರಕ್ಕೊಮ್ಮೆ ಡಚ್ ಮಾತಾಡಲು ಕೂರಿಸುವ ಮೇಜಿನಲ್ಲಿ ಪರಿಚಯವಾಯಿತು. ಇಬ್ಬರ ಡಚ್ಚೂ ಒಂದೇ ಮಟ್ಟದ್ದಾದ್ದರಿಂದ ಒಬ್ಬರ ತಪ್ಪು ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ, ಸ್ನೇಹ ಬೇಗ ಆಯಿತು. ಅವರ ಹೆಸರನ್ನು ನಾನು ಎಷ್ಟು ಸಲ ಹೇಳಿದರೂ ಅವರಿಗೆ ನಗು ಬರುತ್ತಿತ್ತು. ಕೊನೆಗೆ, ನಮ್ಮ ಕಡೆ ದೊಡ್ಡವರಿಗೆ ಅಕ್ಕ ಅನ್ನುತ್ತೇವೆ, ಹಾಗೇ ಕರೆಯುತ್ತೇನೆ ಎಂದೆ. ಅವರು ಎರಡು ಸಲ ಹೇಳಿ ನೋಡಿಕೊಂಡು ಒಪ್ಪಿದರು. ನಮ್ಮ ಮಾತು ಅರ್ಧ ಡಚ್, ಕಾಲು ಇಂಗ್ಲಿಷ್, ಉಳಿದದ್ದು ಕೈಸನ್ನೆ. ಅದನ್ನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಕ್ಕ ತಮ್ಮ ಊರಿನ ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಅವರ ತಮ್ಮ ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಸೈನ್ಯ ನುಗ್ಗಿದ ಮೊದಲ ವಾರಗಳಲ್ಲಿ, ಎದ್ದು ನಡೆಯಲಾಗದ ಮೂವರು ಮುದುಕರನ್ನು ಪಕ್ಕದ ಪಟ್ಟಣಕ್ಕೆ ಸಾಗಿಸಲು ಅಕ್ಕ ತಮ್ಮ ಇಬ್ಬರೂ ಹೊರಟರು. ಗಾಡಿಯ ಎರಡೂ ಮಗ್ಗುಲಿಗೆ, ನೆತ್ತಿಗೆ, ಕೆಂಪು ಶಿಲುಬೆ ಬಳಿದಿತ್ತು. ಊರಾಚೆ ಸೈನಿಕರು ಗಾಡಿಯ ಮೇಲೆ ಗುಂಡು ಹಾರಿಸಿದರು, ನಿಲ್ಲಿಸಿದರು, ತಮ್ಮನನ್ನು ಹೊರಗೆ ಎಳೆದು ತಮ್ಮ ವಾಹನದಲ್ಲಿ ಕೊಂಡೊಯ್ದರು. ಅಕ್ಕ ತಾವೇ ಗಾಡಿ ಓಡಿಸಿಕೊಂಡು ಬಂದು ಮುದುಕರನ್ನು ಉಳಿಸಿದರು. ತಮ್ಮನ ಸುದ್ದಿ ಅಂದಿನಿಂದ ಇಲ್ಲ. ಅವನ ಹೆಂಡತಿ ಈಗ ಪೋಲೆಂಡ್‌ನಲ್ಲಿದ್ದಾಳೆ. ವಿಚಾರಿಸಿದಾಗಲೆಲ್ಲ ಹಿಡಿದುಕೊಂಡು ಹೋದ ಕಡೆಯವರಿಂದ ಬರುವ ಉತ್ತರ ಒಂದೇ, ಅಂಥವನು ನಮ್ಮಲ್ಲಿಲ್ಲ.

ಇಷ್ಟು ವಿಷಯ ನನಗೆ ಒಂದೇ ದಿನ ಗೊತ್ತಾದದ್ದಲ್ಲ. ಒಂದು ಚೂರು ಲಿಫ್ಟ್‌ನಲ್ಲಿ, ಇನ್ನೊಂದು ಚೂರು ಚಿತ್ರಾನ್ನ ಕೊಡಲು ಹೋದಾಗ. ಹಾಗಿರುವಾಗ ಕಳೆದ ವರ್ಷ ಅಕ್ಕನಿಗೊಂದು ಕಾಗದ ಬಂತು. ಯುದ್ಧದಲ್ಲಿ ನಾಗರಿಕರ ಮೇಲೆ ನಡೆದ ಅಪರಾಧಗಳ ಬಗ್ಗೆ ಸಾಕ್ಷಿ ಹೇಳಿಕೆ ಸಂಗ್ರಹಿಸುವ ಒಂದು ಸಣ್ಣ ಸಂಸ್ಥೆ ಹೇಗ್‌ನಲ್ಲಿದೆ. ಲೈಬ್ರರಿಯಲ್ಲಿ ಅದರವರು ಬಂದು ಮಾತಾಡಿದ್ದಾಗ ಅಕ್ಕ ಹೆಸರು ಕೊಟ್ಟಿದ್ದರು. ಈಗ ದಿನ ಗೊತ್ತುಮಾಡಿ ಕರೆದಿದ್ದರು. ಅಕ್ಕ ಕಾಗದ ಹಿಡಿದುಕೊಂಡು ಕೆಳಗಿಳಿದು ಬಂದರು.

“ಅವನು ಸಿಕ್ಕಿಬಿದ್ದದ್ದನ್ನು ನೋಡಿದವಳು ನಾನೊಬ್ಬಳೇ,” ಎಂದರು. “ಮುದುಕರಲ್ಲಿ ಇಬ್ಬರು ತೀರಿಹೋದರು. ಒಬ್ಬರಿಗೆ ಮರೆವು. ನಾನು ಸರಿಯಾಗಿ ಹೇಳದಿದ್ದರೆ ಅವನು ಎಲ್ಲೂ ಇಲ್ಲ.”

“ನೀವು ಯೋಚನೆ ಮಾಡಬೇಡಿ ಅಕ್ಕ, ನಾನಿದ್ದೀನಿ,” ಎಂದೆ. ಅಂದೇ ಸಂಜೆ ಹೊಸ ಫೈಲ್ ಕೊಂಡುತಂದೆ.

ಮೂರು ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆ ಮೇಜಿನ ಮೇಲೆ ತಯಾರಿ ನಡೆಯಿತು. ಮೊದಲನೇ ದಿನ ಅಕ್ಕ ತೋಚಿದ ಹಾಗೆ ಹೇಳಿಕೊಂಡು ಹೋದರು. ಕೇಳಿ ನನಗೆ ಗಾಬರಿಯಾಯಿತು. ಒಮ್ಮೆ ಬೆಳಿಗ್ಗೆ ಅನ್ನುತ್ತಾರೆ, ಒಮ್ಮೆ ಕತ್ತಲಾಗುತ್ತಿತ್ತು ಅನ್ನುತ್ತಾರೆ. ಸೈನಿಕರು ಮೂವರು ಅನ್ನುತ್ತಾರೆ, ತಡೆದು ಐವರು ಅನ್ನುತ್ತಾರೆ, ಗೊತ್ತಿಲ್ಲ ಅನ್ನುತ್ತಾರೆ. ಮುದುಕಿಯೊಬ್ಬಳ ಸ್ವೆಟರಿನ ವಾಸನೆಯ ಬಗ್ಗೆ ಹತ್ತು ನಿಮಿಷ. ಗಾಡಿಯ ಹೀಟರ್ ಕೆಟ್ಟು, ಆರಿಸಲಾಗದೆ ಸೆಖೆಯಾಗುತ್ತಿತ್ತು ಎಂದು ಐದು ನಿಮಿಷ. ಮುಖ್ಯವಾದ ಜಾಗ ಬಂದಾಗ, ಅಂದರೆ ತಮ್ಮನನ್ನು ಎಳೆದೊಯ್ದ ಹೊತ್ತು, ಎರಡು ಮಾತು ಹೇಳಿ ಕಿಟಕಿಯಾಚೆ ನೋಡುತ್ತ ಕೂತುಬಿಡುತ್ತಿದ್ದರು. ಇಂಥ ಸಾಕ್ಷಿಯನ್ನು ಯಾವ ಅಧಿಕಾರಿ ನಂಬಿಯಾನು? ನಮ್ಮೂರಿನ ಕಚೇರಿಗಳಲ್ಲಿ ಒಂದು ತಾರೀಖು ಹೆಚ್ಚುಕಡಿಮೆಯಾದರೆ ಅರ್ಜಿ ಮುಖದ ಮೇಲೆ ಎಸೆಯುತ್ತಾರೆ. ನನ್ನ ತಲೆಯಲ್ಲಿದ್ದ ಅಧಿಕಾರಿ ಅಂಥವನು.

ಹಾಗಾಗಿ ನಾನು ಸರಿಮಾಡಲು ಕೂತೆ. ಅಂದು ಅವರ ಊರಿನಲ್ಲಿ ಸೂರ್ಯ ಎಷ್ಟು ಗಂಟೆಗೆ ಮುಳುಗಿದ ಎಂದು ಇಂಟರ್ನೆಟ್‌ನಲ್ಲಿ ನೋಡಿ ಸಂಜೆ ಐದೂವರೆ ಎಂದು ಬರೆದೆ. ಮೂವರು, ಐವರು ಎಂಬುದಕ್ಕೆ ನಾಲ್ವರು ಎಂದು ಹಾಕಿದೆ. ಹೌದು, ಸರಾಸರಿ ತೆಗೆದೆ. ಟೆಸ್ಟಿಂಗ್ ಮಾಡುವವಳು ಬೇರೇನು ಮಾಡಿಯಾಳು? ಸೈನಿಕರ ವಾಹನದ ಚಿತ್ರಗಳನ್ನು ಹುಡುಕಿ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸಿದೆ. ಒಂದರ ಮುಂದೆ ಅಕ್ಕ, ಇರಬಹುದೇನೋ ಎಂದರು. ಆ ಚಿತ್ರವನ್ನು ಪ್ರಿಂಟ್ ಹಾಕಿ ‘ಇದೇ ವಾಹನ’ ಎಂಬ ಚೀಟಿ ಅಂಟಿಸಿದೆ. ಸ್ವೆಟರ್, ಹೀಟರ್ ಎಲ್ಲ ತೆಗೆದುಹಾಕಿದೆ. ಹನ್ನೊಂದು ಸಾಲಿನ ಶುದ್ಧಪ್ರತಿ ತಯಾರಾಯಿತು. ಪ್ರತಿ ಸಾಲೂ ನಾನು ನೋಡಿದೆ, ನಾನು ನೋಡಿದೆ ಎಂದೇ ಶುರು. ರಫ್ ಹಾಳೆಗಳನ್ನೆಲ್ಲ ಹರಿದು ರದ್ದಿಯ ಡಬ್ಬಕ್ಕೆ ಹಾಕಿದೆ. ಮೊದಲು ರಫ್, ಆಮೇಲೆ ಫೇರ್, ಫೇರ್ ಆದಮೇಲೆ ರಫ್ ಯಾರಿಗೆ ಬೇಕು?

ಎರಡನೇ ಭಾನುವಾರ ಅಕ್ಕನಿಗೆ ಅದನ್ನು ಒಪ್ಪಿಸುವುದನ್ನು ಕಲಿಸುತ್ತಿದ್ದೆ. ನಾನು ಅಧಿಕಾರಿ, ಅವರು ಸಾಕ್ಷಿ. ನನ್ನ ಮಗಳು, ಹದಿಮೂರು ವರ್ಷದವಳು, ಫ್ರಿಜ್‌ನಿಂದ ಹಾಲು ತೆಗೆದುಕೊಳ್ಳಲು ಬಂದವಳು ನಿಂತು ಕೇಳಿಸಿಕೊಂಡಳು.

“ಅಮ್ಮಾ, ದಟ್ಸ್ ಚೀಟಿಂಗ್, ತೋಖ್?” ಎಂದಳು. ಆ ತೋಖ್ ಇಲ್ಲಿನ ಮಕ್ಕಳ ಬಾಯಲ್ಲಿ ಎಲ್ಲ ಮಾತಿನ ಕೊನೆಗೂ ಬರುತ್ತದೆ, ಹೌದು ತಾನೆ ಅನ್ನುವ ಹಾಗೆ.

“ಚೀಟಿಂಗ್ ಅಂತೆ! ನಿಂಗೇನೇ ಗೊತ್ತು? ಸುಮ್ನೆ ಹಾಲು ಕುಡ್ದು ಹೋಮ್‌ವರ್ಕ್ ಮಾಡ್ಕೋ ಹೋಗು,” ಎಂದು ಗದರಿದೆ.

ಗಂಡನೂ ಆವತ್ತು ರಾಗ ಎಳೆದ. ಅಕ್ಕ ಮೇಲೆ ಹೋದಮೇಲೆ ಫೈಲ್ ತಿರುವಿಹಾಕಿ, “ಇದು ವೀಸಾ ಇಂಟರ್‌ವ್ಯೂ ಅಲ್ಲ ಕಣೇ. ಅವ್ರು ಹೇಳಿದ್ದನ್ನ ಅವ್ರೇ ಹೇಳ್ಲಿ ಬಿಡು. ನೀನ್ಯಾಕೆ ಪ್ರಾಜೆಕ್ಟ್ ಮ್ಯಾನೇಜರ್ ಥರ ಆಡ್ತೀಯ?” ಎಂದ.

“ಅವ್ರ ತಮ್ಮ ಕಣೋ ಅದು. ಅಲ್ಲಿ ಹೋಗಿ ತೊದಲಿದ್ರೆ ನೀನು ಬಂದು ಹುಡುಕ್ಕೊಡ್ತೀಯಾ?” ಎಂದೆ. ಅವನು ಫೈಲ್ ಮುಚ್ಚಿಟ್ಟು ಎದ್ದು ಹೋದ. ವಾದದಲ್ಲಿ ನಾನು ಗೆದ್ದೆ ಎಂದೇ ತಿಳಿದುಕೊಂಡೆ. ಮನೆಯಲ್ಲಿ ಇಬ್ಬರು ಹೇಳಿದ್ದನ್ನೂ ಕಿವಿಗೆ ಹಾಕಿಕೊಳ್ಳದ ನನ್ನ ಈ ಗುಣಕ್ಕೆ ಇವತ್ತು ನಾನೇ ಬೈದುಕೊಳ್ಳುತ್ತೇನೆ.

ಆ ದಿನ ಕಚೇರಿಗೆ ರಜೆ ಹಾಕಿ ಅಕ್ಕನ ಜೊತೆ ಟ್ರಾಮ್ ಹತ್ತಿದೆ. ಅಕ್ಕ ಇಸ್ತ್ರಿ ಮಾಡಿದ ಬಿಳಿ ಬ್ಲೌಸ್ ಹಾಕಿದ್ದರು, ತುಟಿ ಅಲುಗುತ್ತಿತ್ತು. ಸಾಲುಗಳನ್ನು ಒಪ್ಪಿಸಿಕೊಳ್ಳುತ್ತಿದ್ದರು. ಸಂಸ್ಥೆಯ ಕೋಣೆಯಲ್ಲಿ ನಾನು ನಿರೀಕ್ಷಿಸಿದಂತೆ ದೊಡ್ಡ ಮೇಜು, ಬಾವುಟ, ಏನೂ ಇರಲಿಲ್ಲ. ನಾಲ್ಕು ಕುರ್ಚಿ, ನೀರಿನ ಜಗ್ಗು, ಟಿಶ್ಯೂ ಕಾಗದದ ಡಬ್ಬ. ತನಿಖೆ ಮಾಡುವ ಡಚ್ ಹೆಂಗಸು ಅರವತ್ತರ ಹತ್ತಿರದವರು. ಪಕ್ಕದಲ್ಲಿ ಅಕ್ಕನ ಮಾತನ್ನು ಇಂಗ್ಲಿಷ್‌ಗೆ ತಿರುಗಿಸುವ ದುಭಾಷಿ. ಸಾಕ್ಷಿಗೆ ಧೈರ್ಯಕ್ಕೆ ಬೇಕಾದರೆ ಜೊತೆಯವರು ಇರಬಹುದು, ಆದರೆ ಮಾತಾಡಬಾರದು ಎಂದು ನನ್ನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿದರು.

ಆ ಹೆಂಗಸು ಮೊದಲು ತಾವೇ ಸ್ವಲ್ಪ ಹೊತ್ತು ಮಾತಾಡಿದರು. ಯುದ್ಧಕ್ಕೂ ಕಾನೂನಿದೆ, ಗಾಯಾಳುಗಳನ್ನೂ ಅವರನ್ನು ಸಾಗಿಸುವ ಗಾಡಿಯನ್ನೂ ಯಾರೂ ಮುಟ್ಟುವಂತಿಲ್ಲ, ನಾಗರಿಕನೊಬ್ಬನನ್ನು ಹಿಡಿದರೆ ಎಲ್ಲಿಟ್ಟಿದ್ದೇವೆ ಎಂದು ಮನೆಯವರಿಗೆ ತಿಳಿಸಲೇಬೇಕು ಎಂದರು. “ನಿಮ್ಮ ತಮ್ಮನನ್ನು ಜೀವಂತ ಹಿಡಿದುಕೊಂಡು ಹೋದರು ಎಂಬುದಕ್ಕೆ ಸಾಕ್ಷಿಯಿದ್ದರೆ, ‘ನಮ್ಮಲ್ಲಿಲ್ಲ’ ಅನ್ನುವ ಉತ್ತರವನ್ನು ನಾವು ಪ್ರಶ್ನಿಸಬಹುದು. ಅವನನ್ನು ಹುಡುಕಬೇಕಾದವರ ಪಟ್ಟಿಗೆ ಸೇರಿಸಬಹುದು. ಅವಸರವಿಲ್ಲ. ನೆನಪಿದ್ದದ್ದನ್ನು ನೆನಪಿದ್ದ ಹಾಗೆ ಹೇಳಿ.”

ಅಕ್ಕ ಹೇಳಿದರು. ಹನ್ನೊಂದು ಸಾಲು, ಒಂದೂ ತಪ್ಪದೆ, ನಾನು ಕಲಿಸಿದ ಅನುಕ್ರಮದಲ್ಲಿ. ನಾನು ಹಿಂದೆ ಕೂತು ಬೆರಳು ಮಡಚುತ್ತಿದ್ದೆ. ಮುಗಿದಾಗ ನನಗೆ ಚಪ್ಪಾಳೆ ತಟ್ಟುವ ಹಾಗಾಗಿತ್ತು. ತನಿಖೆಯ ಹೆಂಗಸು ಪೆನ್ನು ಕೆಳಗಿಟ್ಟಿದ್ದರು. ಅವರು ಎಷ್ಟು ಹೊತ್ತಿನಿಂದ ಬರೆಯುವುದನ್ನು ನಿಲ್ಲಿಸಿದ್ದರೋ ನನಗೆ ಗೊತ್ತಾಗಿರಲಿಲ್ಲ.

“ನೀವು ಗಾಡಿಯ ಹಿಂಭಾಗದಲ್ಲಿ ರೋಗಿಗಳ ಜೊತೆ ಇದ್ದಿರಿ. ಇದನ್ನೆಲ್ಲ ಯಾವ ಕಿಟಕಿಯಿಂದ ನೋಡಿದಿರಿ?” ಎಂದು ಕೇಳಿದರು.

ಆ ಪ್ರಶ್ನೆ ನಮ್ಮ ಪಟ್ಟಿಯಲ್ಲಿರಲಿಲ್ಲ. ಅಕ್ಕ ತಿರುಗಿ ನನ್ನ ಮುಖ ನೋಡಿದರು. ಮತ್ತು ನಾನು, ದೇವರೇ, ನಾನು ಬಾಯಿ ಬಿಟ್ಟೆ. “ಪಕ್ಕದ ಕಿಟಕಿ,” ಎಂದೆ.

ಆ ಹೆಂಗಸು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು, ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನ ಮಡಿಲಲ್ಲಿದ್ದ ಫೈಲನ್ನು ನೋಡಬಹುದೇ ಎಂದು ಕೇಳಿದರು. ನಾನು ಎದ್ದು, ಸಂಕೋಚವೇ ಇಲ್ಲದೆ, ಬಣ್ಣದ ಚೀಟಿಗಳು ಕಾಣುವ ಹಾಗೆ ಅವರ ಮುಂದಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು. ವಾಹನದ ಚಿತ್ರದ ಹತ್ತಿರ ನಿಂತರು. ಇದನ್ನು ಯಾರು ತೋರಿಸಿದರು ಎಂದರು. ನಾನೇ ಎಂದೆ. ಆಮೇಲೆ ಅವರು ಅಕ್ಕನಿಗೆ ದುಭಾಷಿಯ ಮೂಲಕ ತಗ್ಗಿದ ದನಿಯಲ್ಲಿ ಏನೋ ವಿವರಿಸಿದರು. ಅಕ್ಕನ ಭುಜ ಕುಸಿಯುವುದು ಹಿಂದಿನಿಂದ ನನಗೆ ಕಂಡಿತು.

ಹೊರಗೆ ಕಾರಿಡಾರಿನಲ್ಲಿ ನನಗೂ ಹೇಳಿದರು. “ನಿಮ್ಮ ಸ್ನೇಹಿತೆ ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ನೀವು ಕೆಟ್ಟದ್ದು ಮಾಡಲು ಹೊರಟವರಲ್ಲ ಎಂದೂ ಗೊತ್ತು. ಆದರೆ ಈ ಹನ್ನೊಂದು ಸಾಲಿನಲ್ಲಿ ಅವರದು ಯಾವುದು, ನಿಮ್ಮದು ಯಾವುದು ಎಂದು ನನಗೀಗ ಬೇರ್ಪಡಿಸಲು ಆಗುವುದಿಲ್ಲ. ನಾಳೆ ಎದುರು ಪಕ್ಷದ ವಕೀಲ ಕೇಳುವುದೂ ಅದನ್ನೇ. ಒಂದು ಸಾಲು ನಿಮ್ಮದೆಂದು ಗೊತ್ತಾದರೆ ಸಾಕು, ಎಲ್ಲವೂ ಹೋಗುತ್ತದೆ.”

“ನಾವು ಎಲ್ಲದಕ್ಕೂ ಹೀಗೇ ತಯಾರಾಗುವುದು,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ನನಗೆ ತೊದಲುವ ಸಾಕ್ಷಿ ಬೇಕು,” ಎಂದರು. “ನಿಜವಾಗಿ ಅನುಭವಿಸಿದವರು ತೊದಲುತ್ತಾರೆ.”

ಮನೆಗೆ ಬಂದಮೇಲೆ ಮೊದಲು ಬಂದದ್ದು ಸಿಟ್ಟು. ಈ ದೇಶದವರಿಗೆ ಎಲ್ಲ ಸಲೀಸು, ಕಷ್ಟ ಅಂದರೇನು ಗೊತ್ತು, ಎಂದು ಪಾತ್ರೆ ಕುಕ್ಕುತ್ತ ಗಂಡನ ಎದುರು ಕೂಗಾಡಿದೆ. ಅವನು ‘ನಾನು ಹೇಳಿರಲಿಲ್ವಾ’ ಅನ್ನಲಿಲ್ಲ. ಅದಕ್ಕಾಗಿ ಅವನಿಗೆ ನಾನು ಋಣಿ. ಕೂಗಿ ಸಾಕಾದಮೇಲೆ ಅಡುಗೆಮನೆಯಲ್ಲೇ ಕೂತು ಅತ್ತೆ. ಅಕ್ಕನಿಗಿದ್ದದ್ದು ಒಂದೇ ನೆನಪು. ಅದನ್ನು ನನ್ನ ಮನೆಗೆ ತಂದು ಕೊಟ್ಟಿದ್ದರು, ನಾನು ಅದನ್ನು ತಿದ್ದಿ ಕೆಡಿಸಿದ್ದೆ.

ಸಂಸ್ಥೆಯವರು ಬಾಗಿಲು ಮುಚ್ಚಲಿಲ್ಲ. ಒಂದೂವರೆ ತಿಂಗಳ ನಂತರ ಬೇರೊಬ್ಬ ಅಧಿಕಾರಿ, ಈ ಫೈಲನ್ನು ನೋಡಿರದವರು, ಅಕ್ಕನನ್ನು ಮತ್ತೆ ಕೇಳುವುದು ಎಂದಾಯಿತು. ಅದಕ್ಕೆ ಮುಂಚೆ ನಾನೇ ಒಂದು ಹೇಳಿಕೆ ಕೊಡಬೇಕು. ಏನು ಸೇರಿಸಿದೆ, ಏನು ತೆಗೆದೆ, ಎಲ್ಲ. ಮತ್ತು ಅಲ್ಲಿಯವರೆಗೆ ಅಕ್ಕನ ಜೊತೆ ಈ ವಿಷಯ ಒಂದಕ್ಷರ ಮಾತಾಡಬಾರದು.

ಮುಂದಿನ ವಾರ ಅದೇ ಕೋಣೆಯಲ್ಲಿ ಅಕ್ಕ ಕೂತಿದ್ದ ಕುರ್ಚಿಯಲ್ಲಿ ನಾನು ಕೂತೆ. ಯಾವ ತಯಾರಿಯೂ ಇಲ್ಲದೆ ಅಧಿಕಾರಿಯ ಮುಂದೆ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮೊದಲ ದಿನದ ತನಿಖೆಯ ಹೆಂಗಸೇ ಸಾಲು ಓದುತ್ತ ಹೋದರು, ನಾನು ಉತ್ತರ ಕೊಡುತ್ತ ಹೋದೆ. ಸಂಜೆ ಐದೂವರೆ? ನನ್ನದು. ನಾಲ್ವರು ಸೈನಿಕರು? ನನ್ನದು. ಹೇಗೆ ಬಂತು ಎಂದರು. ಸರಾಸರಿ ಎಂದೆ. ಅವರು ತಲೆ ಎತ್ತದೆ ಬರೆದುಕೊಂಡರು. ಕೆಂಪು ಶಿಲುಬೆ? ಅವರದು. ಗುಂಡು ಹಾರಿಸಿದ ಮೇಲೆ ಗಾಡಿ ನಿಂತದ್ದು? ಅವರದು. ನಾನು ತೆಗೆದುಹಾಕಿದ ಸ್ವೆಟರ್, ಹೀಟರ್ ಎಲ್ಲವನ್ನೂ ನೆನಪು ಮಾಡಿಕೊಂಡು ಹೇಳಿದೆ. ಅವುಗಳನ್ನು ಅವರು ಆಸ್ಥೆಯಿಂದ ಬರೆದುಕೊಂಡರು.

ಎಂಟನೇ ಸಾಲು ಬಂತು. “ನನ್ನ ತಮ್ಮ ತನ್ನ ಕಾಲ ಮೇಲೆ ತಾನೇ ನಡೆದು ಅವರ ವಾಹನ ಹತ್ತಿದ್ದನ್ನು ನಾನು ನೋಡಿದೆ.”

ಅವರದು ಎನ್ನಲು ಬಾಯಿ ತೆರೆದೆ. ಮೊದಲನೇ ಭಾನುವಾರದ ಮಧ್ಯಾಹ್ನ ಕಣ್ಣ ಮುಂದೆ ಬಂತು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಾರೆ. ಆಮೇಲೇನಾಯಿತು ಅಕ್ಕ, ಎಂದು ನಾನು ಕೇಳುತ್ತಿದ್ದೇನೆ. ಅವರು ಮಾತಾಡುತ್ತಿಲ್ಲ. ನನಗೆ ಆ ಮೌನ ತಡೆಯಲಾಗುತ್ತಿಲ್ಲ. “ಗುಂಡು ಅವನಿಗೆ ತಾಗಿರಲಿಲ್ಲ ಅಲ್ವಾ? ನಡ್ಕೊಂಡೇ ಹೋದ ಅಲ್ವಾ?” ಎನ್ನುತ್ತೇನೆ, ಸಮಾಧಾನಕ್ಕೆ. ಅವರು ನನ್ನನ್ನು ನೋಡುತ್ತಾರೆ. ತುಂಬ ಹೊತ್ತು ನೋಡಿ ಹೌದೆಂದು ತಲೆಯಾಡಿಸುತ್ತಾರೆ. ನಾನು ಬರೆದುಕೊಳ್ಳುತ್ತೇನೆ.

ಅವನು ಜೀವಂತ ಹೋದ ಎಂಬುದಕ್ಕೆ ಇಡೀ ಹೇಳಿಕೆಯಲ್ಲಿ ಇದ್ದದ್ದು ಆ ಒಂದು ಸಾಲು. ಅದು ನನ್ನ ಬಾಯಿಂದ ಬಂದದ್ದು.

“ಇದು?” ಎಂದು ಆ ಹೆಂಗಸು ಕೇಳಿದರು.

ಸುಳ್ಳು ಹೇಳಿಬಿಡಲೇ ಅನ್ನಿಸಿತು. ಇದನ್ನು ಮುಚ್ಚಿಡುವುದಿಲ್ಲ. ಅವರದು ಎಂದರೆ ಮುಗಿಯಿತು, ಇದಕ್ಕೆ ಬೇರೆ ಸಾಕ್ಷಿಯಿಲ್ಲ, ತಮ್ಮನ ಹೆಸರು ಪಟ್ಟಿಯಲ್ಲಿ ಉಳಿದೀತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಿಂದಿನ ಸಲ ನಾನು ಒಳ್ಳೆಯದಾಗಲಿ ಎಂದು ಬಾಯಿ ಬಿಟ್ಟಾಗ ಏನಾಯಿತು ಎಂಬುದನ್ನು ಇದೇ ಕೋಣೆಯಲ್ಲಿ ನೋಡಿದ್ದೆ.

“ನನ್ನದು,” ಎಂದೆ.

ಆಮೇಲಿನ ಐದು ವಾರ ನನ್ನ ಪಾಲಿಗೆ ಶಿಕ್ಷೆ. ವಾಚಾಳಿಯೆಂದು ಹೆಸರಾದವಳು ನಾನು. ಅಕ್ಕ ಎಂದಿನಂತೆ ಬೀಟ್‌ರೂಟ್ ಸೂಪ್ ತಂದುಕೊಡುತ್ತಿದ್ದರು, ನಾನು ಡಬ್ಬಕ್ಕೆ ಪುಳಿಯೋಗರೆ ತುಂಬಿ ವಾಪಸು ಕೊಡುತ್ತಿದ್ದೆ. ನನ್ನ ಮೇಲೆ ಅವರು ಕೋಪ ಮಾಡಿಕೊಳ್ಳಲಿಲ್ಲ. ಒಂದು ದಿನ ಮೆಟ್ಟಿಲ ಹತ್ತಿರ ನಿಂತು, ಪೋಲೆಂಡ್‌ನಿಂದ ತಮ್ಮನ ಹೆಂಡತಿ ಫೋನ್ ಮಾಡಿದ್ದಳು ಎಂದರು. “ಅವಳಿಗೆ ಹೇಳಿದ್ದೇನೆ, ಅವನು ನಡೆದುಕೊಂಡು ಹೋದ ಅಂತ. ಈಗ ಅವಳಿಗೆ ನಿದ್ದೆ ಬರುತ್ತಿದೆಯಂತೆ.” ನನ್ನ ಸಾಲು ಪೋಲೆಂಡ್‌ಗೂ ಹೋಗಿತ್ತು. ಹ್ಞೂಂ ಅಂದು, ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಎರಡನೇ ಸಂದರ್ಶನದ ದಿನವೂ ಜೊತೆಗೆ ಹೋದೆ, ಆದರೆ ಬಾಗಿಲವರೆಗೆ ಮಾತ್ರ. ಅಕ್ಕ ಬರಿಗೈಯಲ್ಲಿ ಒಳಗೆ ಹೋದರು. ನಾನು ಎದುರಿನ ಕಾಲುವೆಯ ಪಕ್ಕದ ಬೆಂಚಿನಲ್ಲಿ ಕೂತೆ. ಬಿಸಿಲಿತ್ತು, ಗಾಳಿಯೂ ಇತ್ತು. ಕಚೇರಿಯಿಂದ ಎರಡು ಕರೆ ಬಂದವು, ತೆಗೆಯಲಿಲ್ಲ. ಒಳಗೆ ಆ ಎಂಟನೇ ಸಾಲು ಬರುತ್ತದೆ, ಅಕ್ಕ ಅದನ್ನೇ ಹೇಳುತ್ತಾರೆ, ಆಮೇಲೆ ಅದನ್ನು ನನ್ನ ಹೇಳಿಕೆಯ ಪಕ್ಕ ಇಟ್ಟು ನೋಡುತ್ತಾರೆ, ಅಕ್ಕ ಸುಳ್ಳುಗಾತಿಯಾಗುತ್ತಾರೆ. ಮೂರು ಗಂಟೆ ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದೆ.

ಅಕ್ಕ ಹೊರಗೆ ಬಂದಾಗ ಅವರ ಕಣ್ಣು ಊದಿತ್ತು. ಬಂದು ನನ್ನ ಪಕ್ಕ ಕೂತರು. ಹೇಳಿಕೆ ಮುಗಿದಿತ್ತು, ಇನ್ನು ಮಾತಾಡಬಹುದಿತ್ತು. ನನಗೆ ಒಂದು ಕ್ಷಣವೂ ತಡೆಯಲಾಗಲಿಲ್ಲ.

“ಅಕ್ಕ, ನಡ್ಕೊಂಡು ಹೋದ ಅನ್ನೋ ಮಾತು ನಿಮ್ಮದಲ್ಲ. ನಾನು ನಿಮ್ಮ ಬಾಯಲ್ಲಿ ಇಟ್ಟಿದ್ದು. ನಾನು ಅವರಿಗೆ ಹೇಳಿಬಿಟ್ಟೆ. ನನ್ನನ್ನು ಕ್ಷಮಿಸಿ.”

“ಗೊತ್ತು,” ಎಂದರು.

“ಅವರು ಹೇಳಿದರಾ?”

“ಇಲ್ಲ. ನನಗೆ ಅವತ್ತೇ ಗೊತ್ತಿತ್ತು. ನೀನು ಕೊಟ್ಟೆ, ನನಗೆ ಬೇಕಾಗಿತ್ತು, ತೆಗೆದುಕೊಂಡೆ. ನಾನು ಏನೂ ನೋಡಲಿಲ್ಲ. ಗುಂಡು ಬಿದ್ದ ಕೂಡಲೇ ಮುದುಕಿಯ ಮೇಲೆ ಬಿದ್ದು ಅವಳ ಸ್ವೆಟರಿನಲ್ಲಿ ಮುಖ ಇಟ್ಟು ಕಣ್ಣು ಮುಚ್ಚಿಕೊಂಡೆ. ಇಷ್ಟು ವರ್ಷ ನರ್ಸ್. ಎಷ್ಟೊಂದು ರಕ್ತ ನೋಡಿದವಳು. ನನ್ನ ತಮ್ಮನನ್ನು ಎಳೆದಾಗ ಕಣ್ಣು ಬಿಡಲಿಲ್ಲ. ಯಾರಿಗೂ ಹೇಳಿರಲಿಲ್ಲ. ನಿನ್ನ ಹಾಳೆಯಲ್ಲಿ ಪ್ರತಿ ಸಾಲೂ ನೋಡಿದೆ, ನೋಡಿದೆ, ನೋಡಿದೆ. ಹೇಗೆ ಹೇಳಲಿ?”

ಅವರು ಮೂರು ಭಾನುವಾರ ಅದನ್ನು ಹೇಳಲು ಕಾದಿದ್ದರು. ಅವರು ಸುಮ್ಮನಾದಾಗಲೆಲ್ಲ ನಾನು ಮಧ್ಯೆ ಬಾಯಿ ಹಾಕಿದ್ದೆ.

“ಇವತ್ತು ಅವರು, ನೋಡದಿದ್ದರೆ ಪರವಾಗಿಲ್ಲ, ಬೇರೆ ಏನಾದರೂ ನೆನಪಿದೆಯಾ ಅಂದರು. ಕೇಳಿಸಿದ್ದು ನೆನಪಿದೆ ಅಂದೆ. ಅವನು ಅವರಿಗೆ ಹೇಳುತ್ತಿದ್ದ, ಒಳಗೆ ಮೂವರು ಮುದುಕರಿದ್ದಾರೆ, ಬಿಡಿ, ನಾನು ಬರುತ್ತೇನೆ ಅಂತ. ಅವರ ವಾಹನದ ಬಾಗಿಲು ಬಿತ್ತು, ದೊಡ್ಡ ಕಬ್ಬಿಣದ ಬಾಗಿಲು. ಇಂಜಿನ್ ಶುರುವಾಯಿತು. ಆಮೇಲೆ ಆ ಬಾಗಿಲ ಒಳಗಿನಿಂದ ಅವನು ನನಗೆ ಕೂಗಿದ.”

ಏನು ಕೂಗಿದ ಎಂಬುದನ್ನು ತಮ್ಮ ಭಾಷೆಯಲ್ಲೇ ಹೇಳಿದರು, ಒಂದೇ ಶಬ್ದ. ಓಡಿಸು ಎಂದರ್ಥ. “ಆಗ ಕಣ್ಣು ಬಿಟ್ಟೆ. ಮುಂದೆ ಹೋಗಿ ಕೂತು ಓಡಿಸಿದೆ. ಪಕ್ಕಕ್ಕೆ ನೋಡಲಿಲ್ಲ.”

“ಬಾಗಿಲು ಮುಚ್ಚಿದ ಮೇಲೆ ಕೂಗಿದನಾ?”

“ಮುಚ್ಚಿದ ಮೇಲೆ. ಅಧಿಕಾರಿಯೂ ಅದನ್ನೇ ಎರಡು ಸಲ ಕೇಳಿದರು. ಒಳಗಿನಿಂದಲಾ, ಖಂಡಿತವಾ ಅಂತ. ಅವರ ವಾಹನದೊಳಗೆ ಅವನು ಜೀವಂತ ಇದ್ದ ಅಂತ ಬರೆದುಕೊಂಡರು. ನನಗೆ ಓದಿ ಹೇಳಿದರು.”

ನನ್ನ ಸಾಲಿಗಿಂತ ಗಟ್ಟಿಯಾದದ್ದು ಅವರ ಬಳಿ ಮೊದಲಿನಿಂದಲೂ ಇತ್ತು. ಅವರು ಕಣ್ಣು ಮುಚ್ಚಿಕೊಂಡದ್ದನ್ನು ಒಪ್ಪಿಕೊಂಡರೆ ಮಾತ್ರ ಅದನ್ನು ಹೇಳಲು ಆಗುತ್ತಿತ್ತು, ಮತ್ತು ನಾನು ಅದಕ್ಕೆ ಜಾಗವೇ ಬಿಟ್ಟಿರಲಿಲ್ಲ. ನಾನು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಸಮಾಧಾನ ಮಾಡಬೇಕಾದವಳು ನಾನು, ಮಾಡಿದವರು ಅವರು. ಬೆನ್ನು ತಟ್ಟಿ, “ಸಾಕು, ಸಾಕು,” ಎಂದು ನನ್ನಿಂದ ಕಲಿತ ಕನ್ನಡದಲ್ಲೇ ಹೇಳಿದರು.

ಆಮೇಲೆ ಫೋನ್ ತೆಗೆದರು. “ಅವಳಿಗೆ ಹೇಳಬೇಕು,” ಎಂದರು. “ಅವನು ನಡೆದುಕೊಂಡು ಹೋದದ್ದನ್ನು ನಾನು ನೋಡಲಿಲ್ಲ ಅಂತ.”

ನಾಳೆ ಹೇಳಿ, ಸ್ವಲ್ಪ ಯೋಚಿಸಿ ಹೇಳಿ, ಹೇಗೆ ಶುರು ಮಾಡಬೇಕೆಂದು ನೋಡೋಣ ಎಂಬ ಮಾತು ಗಂಟಲಿಗೆ ಬಂತು, ನುಂಗಿಕೊಂಡೆ. ಪೋಲೆಂಡ್‌ನಲ್ಲಿ ತಮ್ಮನ ಹೆಂಡತಿ ಫೋನ್ ತೆಗೆದಳು. ಅಕ್ಕ ತಮ್ಮ ಭಾಷೆಯಲ್ಲಿ ಮಾತಾಡತೊಡಗಿದರು, ತಡೆದು ತಡೆದು, ಹಿಂದೆ ಮುಂದೆ ಹೋಗುತ್ತ. ನನಗೊಂದು ಮಾತೂ ಅರ್ಥವಾಗುತ್ತಿರಲಿಲ್ಲ. ಆ ಕಡೆಯಿಂದ ತುಂಬ ಹೊತ್ತು ಸದ್ದಿಲ್ಲ. ಅಕ್ಕನೂ ಕಾದರು. ಆಮೇಲೆ ಅವಳು ಏನೋ ಕೇಳಿದಳು, ಚಿಕ್ಕ ಪ್ರಶ್ನೆ.

ಅಕ್ಕ ಅವನು ಕೂಗಿದ ಆ ಶಬ್ದವನ್ನು ಹೇಳಿದರು. ಅವಳು ಅದನ್ನೇ ಮತ್ತೆ ಕೇಳಿದಳು. ಅಕ್ಕ ಈ ಸಲ ಗಟ್ಟಿಯಾಗಿ, ತಮ್ಮನ ದನಿಯಲ್ಲಿ, ದಾರಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ ಕೂಗಿದರು. ಅವಳು ಅದನ್ನೇ ಮತ್ತೊಮ್ಮೆ ಕೇಳಿದಳು.